ನಮೀಬಿಯಾದ ನರಮೇಧ: ತರಗತಿಯಲ್ಲಿ ಕಲಿಸುವುದು ಹೇಗೆ?

ಹಿಟ್ಲರ್ ಯಾರೆಂದು ಹೈಸ್ಕೂಲು ಮಕ್ಕಳಿಗೆ ಗೊತ್ತು. ಆದರೆ ಅವನು ಅಧಿಕಾರಕ್ಕೆ ಬರುವುದಕ್ಕೂ ಸುಮಾರು ಮೂವತ್ತು ವರ್ಷ ಮೊದಲೇ ಜರ್ಮನ್ ಸೈನ್ಯ ಆಫ್ರಿಕಾದಲ್ಲಿ, ಆಗ ಜರ್ಮನಿಯ ವಸಾಹತಾಗಿದ್ದ ಇಂದಿನ ನಮೀಬಿಯಾದಲ್ಲಿ, ಹೆರೆರೋ ಮತ್ತು ನಾಮಾ ಜನರ ನರಮೇಧ ನಡೆಸಿತ್ತು. 1904ರಿಂದ 1908ರವರೆಗಿನ ಈ ಕಥೆ ನನಗೆ ಗೊತ್ತಾಗಿದ್ದೂ ಮೇಷ್ಟ್ರಾಗಿ ಎಷ್ಟೋ ವರ್ಷವಾದ ಮೇಲೆ. ಇದನ್ನು ಕಲಿಸಲು ಎರಡು ಪೀರಿಯಡ್, ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಸಾಕು. ನೆಟ್ ಕೈಕೊಡುವುದು ಮಾಮೂಲು, ಬೇಕಾದ ಪುಟಗಳನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ.

ಮೊದಲು ಉಪಗ್ರಹ ನಕ್ಷೆ ತೆರೆಯಿರಿ. ನಮೀಬಿಯಾದಲ್ಲಿ ವಾಟರ್‌ಬರ್ಗ್ ಬೆಟ್ಟ ಹುಡುಕಿ, ಅಲ್ಲಿಂದ ಪೂರ್ವಕ್ಕೆ ಸರಿಯಿರಿ. ಅದು ಒಮಾಹೆಕೆ. ಮರಳು, ಕುರುಚಲು ಗಿಡ, ನೀರು ತೀರಾ ಅಪರೂಪ. ಭೂಮಿ, ದನ ಎಲ್ಲ ವಲಸೆ ಬಂದ ಬಿಳಿಯರ ಪಾಲಾಗುತ್ತಿದ್ದಾಗ ಹೆರೆರೋಗಳು ದಂಗೆ ಎದ್ದರು. 1904ರ ಆಗಸ್ಟ್‌ನಲ್ಲಿ ವಾಟರ್‌ಬರ್ಗ್‌ನಲ್ಲಿ ಸೋತು, ಹೆಂಡತಿ ಮಕ್ಕಳು ದನಕರುಗಳ ಸಮೇತ ಓಡಿದ್ದು ಈ ಕಡೆಗೇ. ಸೈನ್ಯ ನೀರಿನ ಸೆಲೆಗಳಿಗೆ ಕಾವಲು ಹಾಕಿತು. ನಕ್ಷೆ ನೋಡಿದ ಮಕ್ಕಳಿಗೆ ಮುಂದೇನಾಯಿತು ಅಂತ ಹೇಳಬೇಕಾಗಿಲ್ಲ.

ಆಮೇಲೆ ಜರ್ಮನ್ ಸೈನ್ಯದ ಮುಖ್ಯಸ್ಥನಾಗಿ ಅಲ್ಲಿದ್ದ ಜನರಲ್ ಲೋಥರ್ ಫಾನ್ ಟ್ರೋಥಾ 1904ರ ಅಕ್ಟೋಬರ್ 2ರಂದು ಹೊರಡಿಸಿದ ಆದೇಶ. ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಸಿಗುತ್ತದೆ. ಮುಖ್ಯ ಸಾಲನ್ನು ಕನ್ನಡಕ್ಕೆ ತಂದು ಬೋರ್ಡ್ ಮೇಲೆ ಬರೆಯಿರಿ: ಜರ್ಮನ್ ಗಡಿಯೊಳಗೆ ಬಂದೂಕು ಇರಲಿ ಇಲ್ಲದಿರಲಿ, ದನಕರು ಇರಲಿ ಇಲ್ಲದಿರಲಿ, ಪ್ರತಿಯೊಬ್ಬ ಹೆರೆರೋನನ್ನೂ ಗುಂಡಿಕ್ಕಿ ಕೊಲ್ಲಲಾಗುವುದು.

ಇಲ್ಲಿ ಅವಸರ ಬೇಡ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ, "ದನದ ಮಾತು ಯಾಕೆ ಬಂತು ಸಾರ್?" ಹೆರೆರೋಗಳ ಬದುಕೇ ದನ. ದನ ಇಲ್ಲದವನು ಅಂದರೆ ಎಲ್ಲ ಕಳಕೊಂಡವನು. ಬಂದೂಕೂ ಇಲ್ಲದವನಿಂದ ಯಾರಿಗೂ ಅಪಾಯವಿಲ್ಲ. ಅವನನ್ನೂ ಕೊಲ್ಲಿ ಅಂದರೆ ಇದು ಯುದ್ಧ ಹೇಗಾದೀತು? ಈ ಪ್ರಶ್ನೆ ಬಂದ ಮೇಲಷ್ಟೇ ನರಮೇಧದ ಬಗ್ಗೆ ವಿಶ್ವಸಂಸ್ಥೆಯ 1948ರ ಒಪ್ಪಂದ ತೋರಿಸಿ. ಒಂದು ಜನಾಂಗವನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶ ಇತ್ತೇ ಎಂಬುದೇ ಅದರ ಅಳತೆಗೋಲು. ಮಕ್ಕಳೇ ಹೋಲಿಸಿ ಹೇಳಲಿ.

ಫೋಟೋಗಳ ವಿಷಯದಲ್ಲಿ ಎಚ್ಚರ. ಸೆರೆಸಿಕ್ಕು ಎಲುಬುಗೂಡಾದ ಹೆರೆರೋ, ನಾಮಾ ಕೈದಿಗಳ ಚಿತ್ರಗಳು ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ತೆಗೆದವರು ಸೆರೆಹಿಡಿದ ಕಡೆಯವರೇ, ಕೆಲವನ್ನು ಪೋಸ್ಟ್‌ಕಾರ್ಡ್ ಮಾಡಿ ಮಾರಿದರು. ನಾನು ಅವನ್ನು ತೋರಿಸುವುದಿಲ್ಲ. ಸೈನಿಕ, ಕೈದಿ ಅಂತ ಮಕ್ಕಳಿಂದ ನಾಟಕ ಆಡಿಸುವುದೂ ಬೇಡ.

ಅಂಕಿ ಅಂಶ ಕೊನೆಗಿರಲಿ, ಅಂದಾಜು ಎಂದೇ ಹೇಳಿ. ಸುಮಾರು 80,000 ಇದ್ದ ಹೆರೆರೋಗಳು 1911ರ ಎಣಿಕೆಯಲ್ಲಿ ಸುಮಾರು 15,000. ನಾಮಾ ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತರು.

ಎರಡನೇ ಪೀರಿಯಡ್ ಇವತ್ತಿನದು. 2021ರ ಮೇ ತಿಂಗಳಲ್ಲಿ ಜರ್ಮನಿ ಇದನ್ನು ನರಮೇಧವೆಂದು ಒಪ್ಪಿಕೊಂಡು, 30 ವರ್ಷಗಳಲ್ಲಿ 110 ಕೋಟಿ ಯೂರೋ ಕೊಡುವುದಾಗಿ ಹೇಳಿತು. ನಮ್ಮನ್ನು ಕೇಳದೆ ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದ ಇದು ಅಂತ ಸತ್ತವರ ವಂಶಸ್ಥರಲ್ಲಿ ಅನೇಕರು ತಿರಸ್ಕರಿಸಿದರು. ಎರಡೂ ಕಡೆಯ ಸುದ್ದಿ ಓದಿಸಿ, ಮಕ್ಕಳು ವಾದ ಮಾಡಲಿ.

ಹೋಂವರ್ಕ್‌ಗೆ ಮತ್ತೆ ನಕ್ಷೆ. ಲುಡೆರಿಟ್ಜ್ ಊರಿನ ಪಕ್ಕ ಶಾರ್ಕ್ ಐಲೆಂಡ್ ಇದೆ. ಆಗ ಅದು ಸೆರೆಶಿಬಿರ. ಚಳಿಗಾಳಿ, ಹಸಿವು, ಬಲವಂತದ ದುಡಿಮೆಗೆ ಕೈದಿಗಳು ಸಾಯುತ್ತಿದ್ದ ಜಾಗ. ಈಗ ಅಲ್ಲಿ ಪ್ರವಾಸಿಗರು ಟೆಂಟ್ ಹಾಕುತ್ತಾರೆ. ಬಂದಿಳಿಯುವವರ ಕಣ್ಣಿಗೆ ಬೀಳುವಂತೆ ಅಲ್ಲೊಂದು ಫಲಕ ನೆಡುವುದಾದರೆ ಏನು ಬರೆಯುತ್ತೀರಿ? ಐದು ಸಾಲು, ಕನ್ನಡದಲ್ಲಿ ಬರೆದು ತರಲಿ.