ಬಿಸಿಲಲ್ಲಿ ಕಾದ ಕುದುರೆಯನ್ನು ತಣ್ಣಗೆ ಮಾಡುವುದು ಹೇಗೆ?

ಏಪ್ರಿಲ್ ಬಂತೆಂದರೆ ಕುಣಿಗಲ್ ಕಡೆಯ ನಮ್ಮ ತೋಟದಲ್ಲಿ ಕೆಲಸಕ್ಕೆ ಕೈ ಜಾಸ್ತಿ. ಅಕ್ಕನ ಮಕ್ಕಳು ರಜೆಗೆ ಬಂದಿರುತ್ತಾರೆ. ನಾಲ್ಕು ಕುದುರೆ, ಮೂವರು ಮಕ್ಕಳು, ಒಂದು ಬೋರ್‌ವೆಲ್. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಬೆಳೆಸಿದ ಸೀಮೆ ಇದು. ಆದರೂ ಬೇಸಿಗೆಯಲ್ಲಿ ಕುದುರೆಯನ್ನು ನೋಡಿಕೊಳ್ಳುವಾಗ ಇಲ್ಲಿನವರೇ ಮತ್ತೆ ಮತ್ತೆ ಎಡವುವುದನ್ನು ಕಂಡಿದ್ದೇನೆ.

ಹೋದ ವರ್ಷ ಒಂದು ತೋಟದಲ್ಲಿ ಮಧ್ಯಾಹ್ನ ಓಡಿಸಿ ತಂದ ಕುದುರೆ ಏದುಸಿರು ಬಿಡುತ್ತಾ ನಿಂತಿತ್ತು. ಸುತ್ತ ಐದು ಜನ. ಒಬ್ಬರು ಒದ್ದೆ ಗೋಣಿಚೀಲ ಹೊದಿಸಿದರು. ಇನ್ನೊಬ್ಬರು 'ತಣ್ಣೀರು ಹಾಕಬೇಡಿ, ನರ ಹಿಡಿದುಕೊಳ್ಳುತ್ತೆ' ಎಂದರು. ಪಕ್ಕದಲ್ಲೇ ತುಂಬಿದ ತೊಟ್ಟಿ ಇದ್ದರೂ ಕುಡಿಯಲು ಬಿಡಲಿಲ್ಲ. ಮೂರೂ ತಪ್ಪು. ಕುದುರೆ ಉಳಿಯಿತು, ಆದರೆ ಸಂಜೆಯವರೆಗೂ ಅದರ ಕಾಲು ನಡುಗುತ್ತಿತ್ತು. ಅದನ್ನು ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಬೆಳಗಿನ ಕೆಲಸ ಸುಲಭ. ಐದೂವರೆಗೆ ಎದ್ದು ನೀರು ಕೊಡಿ, ಲದ್ದಿ ತೆಗೆಯಿರಿ, ಹುಲ್ಲು ಹಾಕಿ. ಸವಾರಿ, ಓಡಾಟ ಏನಿದ್ದರೂ ಎಂಟು ಗಂಟೆಯೊಳಗೆ ಮುಗಿಸಿ. ಹುರುಳಿ ಕೊಡುವವರು ಚೆನ್ನಾಗಿ ಬೇಯಿಸಿ ಆರಿಸಿ ಕೊಡಿ. ಬಿಸಿಲೇರಿದ ಮೇಲೆ ಕಾಳಿಗಿಂತ ಹುಲ್ಲೇ ಜಾಸ್ತಿ ಇರಲಿ.

ಗೊರಸು ಮಾತ್ರ ದಿನಾ ನೋಡಬೇಕು. ಕೊಕ್ಕೆಯನ್ನು ಹಿಮ್ಮಡಿಯಿಂದ ಮುಂದಿನ ತುದಿಯ ಕಡೆಗೆ ಎಳೆಯಿರಿ. ನಡುವೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಮೆತ್ತನೆಯ ಭಾಗ ಇರುತ್ತದೆ. ಅದನ್ನು ಚುಚ್ಚಬೇಡಿ, ಅದರ ಎರಡೂ ಬದಿಯ ಸಂದಿ ಬಿಡಿಸಿ. ಕಪ್ಪು ಕಸರು ಬಂದು ಕೊಳೆತ ನಾತ ಹೊಡೆದರೆ ಕೊಳೆ ರೋಗ ಶುರುವಾಗಿದೆ ಎಂದು ಅರ್ಥ. ಲಾಯದ ನೆಲ ಒಣಗಿಸಿ, ಡಾಕ್ಟರಿಗೆ ತೋರಿಸಿ. ಗೊರಸಿಗೆ ಬಳಿಯುವ ಕಪ್ಪು ಎಣ್ಣೆ ಡಬ್ಬಿಗೆ ದುಡ್ಡು ಹಾಕಬೇಡಿ. ಹೊಳಪು ಬರುತ್ತದೆ ಅಷ್ಟೇ, ಕೆಳಗಿನ ಕೊಳೆ ಹಾಗೇ ಇರುತ್ತದೆ.

ಇನ್ನು ಮುಖ್ಯ ಕೆಲಸ. ಇದನ್ನು ನಿಧಾನವಾಗಿ ಓದಿ.

ಕುದುರೆ ಓಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬರೀ ಶಾಖವಾಗಿ ಹೋಗುತ್ತದೆ. ಆ ಶಾಖ ಹೊರಗೆ ಹೋಗಲು ಮುಖ್ಯ ದಾರಿ ಬೆವರು. ಕತ್ತಿನ ಮೇಲೆ, ತೊಡೆ ಸಂದಿಯಲ್ಲಿ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಕುದುರೆಯ ಬೆವರಿನಲ್ಲಿ ನೊರೆ ಬರಿಸುವ ಪ್ರೋಟೀನ್ ಒಂದಿದೆ. ಗಾಬರಿ ಆಗಬೇಕಾದ್ದು ಬೆವರು ನಿಂತಾಗ. ಸೆಕೆಯಲ್ಲಿ ಏದುಸಿರು ಬಿಡುತ್ತಿರುವ ಕುದುರೆಯ ಮೈ ಒಣಗಿದ್ದರೆ ಅದು ಅಪಾಯ.

ಥರ್ಮಾಮೀಟರ್ ಇಲ್ಲದೆ ಕುದುರೆ ಸಾಕಬೇಡಿ. ಅದಕ್ಕೊಂದು ದಾರ ಕಟ್ಟಿ, ದಾರದ ತುದಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ ಬಾಲಕ್ಕೆ ಹಿಡಿಸಿ. ಗುದದ್ವಾರದಲ್ಲಿ ಇಟ್ಟು ನೋಡಬೇಕು. ಸುಮ್ಮನೆ ನಿಂತ ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿ. 40 ದಾಟಿದರೆ ಒಬ್ಬರು ಡಾಕ್ಟರಿಗೆ ಫೋನ್ ಮಾಡಲಿ, ಉಳಿದವರು ನೀರು ಶುರು ಮಾಡಲಿ. ಡಾಕ್ಟರು ಬರಲಿ ಎಂದು ಕಾಯಬೇಡಿ.

ನೀರು ಹಾಕುವ ಮೊದಲು ಪೈಪ್ ನೋಡಿ. ನಮ್ಮ ಅಂಗಳದಲ್ಲಿ ಕಪ್ಪು ಪೈಪ್ ಬಿಸಿಲಲ್ಲಿ ಬಿದ್ದಿರುತ್ತದೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮೊದಲು ಬರುವುದು ಕೈ ಸುಡುವ ನೀರು. ಹೋದ ರಜೆಯಲ್ಲಿ ಅಕ್ಕನ ಮಗ ಅದನ್ನೇ ನೇರವಾಗಿ ಕೆಂಚಿಯ ಬೆನ್ನಿಗೆ ಹಿಡಿದ. ಅವಳು ಹಗ್ಗ ಕಿತ್ತುಕೊಂಡು ಮಾವಿನ ಮರದವರೆಗೂ ಓಡಿದಳು. ಆಮೇಲೆ ಅವನೇ ನಿಯಮ ಮಾಡಿದ: 'ಮಾಮ, ಮೊದಲು ತೆಂಗಿನ ಬುಡಕ್ಕೆ, ಆಮೇಲೆ ಕೆಂಚಿಗೆ.' ಈಗ ಎಲ್ಲರೂ ಅಂಗೈಗೆ ನೀರು ಹಿಡಿದು, ತಣ್ಣಗಾದ ಮೇಲೆ ಕುದುರೆಯತ್ತ ತಿರುಗಿಸುತ್ತಾರೆ.

ಕುದುರೆಯನ್ನು ನೆರಳಿಗೆ, ಗಾಳಿ ಬರುವ ಕಡೆ ತನ್ನಿ. ಒಬ್ಬರು ಜೀನು ಬಿಚ್ಚುತ್ತಿರುವಾಗಲೇ ಇನ್ನೊಬ್ಬರು ಸುರಿಯಲು ಶುರು ಮಾಡಿ. ಕತ್ತು, ಎದೆ, ಭುಜ, ಬೆನ್ನು, ಪಿರ್ರೆ, ಹಿಂಗಾಲುಗಳ ನಡುವೆ, ಎಲ್ಲ ಕಡೆ. ಕಾಲಿಗೆ ಮಾತ್ರ ಹಾಕಿ ಕೂತರೆ ಪ್ರಯೋಜನ ಕಮ್ಮಿ, ದೊಡ್ಡ ಸ್ನಾಯುಗಳು ಮೇಲಿವೆ. ಪೈಪ್ ಇಲ್ಲದಿದ್ದರೆ ಎರಡೂ ಪಕ್ಕ ಒಬ್ಬೊಬ್ಬರು ಬಕೆಟ್, ಚೊಂಬು ಹಿಡಿದು ನಿಲ್ಲಿ. ಕಿವಿಯೊಳಗೆ ನೀರು ಹೋಗದಿರಲಿ.

ಸುರಿಯುತ್ತಲೇ ಇರಿ. ಇಲ್ಲೇ ಹೆಚ್ಚಿನವರು ತಪ್ಪುವುದು. ಎರಡು ಚೊಂಬು ಹಾಕಿ, ಕೈಯಿಂದ ಒರೆಸಿ, ನಿಂತು ನೋಡುತ್ತಾರೆ. ಮೈಯ ಬಿಸಿ ನೀರಿಗೆ ಹತ್ತುತ್ತದೆ, ಆ ನೀರು ಹರಿದು ಹೋಗಬೇಕು, ಅದರ ಹಿಂದೆಯೇ ಹೊಸ ತಣ್ಣೀರು ಬರಬೇಕು. ನಡುನಡುವೆ ಒರೆಸುತ್ತಾ ನಿಂತರೆ ಆ ಹೊತ್ತೆಲ್ಲ ದಂಡ. ಒರೆಸುವುದು ಕೊನೆಗೆ ಒಂದು ಸಲ ಸಾಕು. ಒದ್ದೆ ಗೋಣಿ, ಟವೆಲ್ ಹೊದಿಸುವುದಂತೂ ಬೇಡವೇ ಬೇಡ. ಐದು ನಿಮಿಷದಲ್ಲಿ ಆ ಗೋಣಿಯೇ ಬಿಸಿಯಾಗಿ ಕಂಬಳಿ ಹೊದ್ದ ಹಾಗಾಗುತ್ತದೆ. ಗಾಳಿಯೂ ಮೈಗೆ ತಾಗುವುದಿಲ್ಲ.

ತಣ್ಣೀರಿಗೆ ಸ್ನಾಯು ಹಿಡಿಯುತ್ತದೆ ಎಂಬ ಭಯ ನಮ್ಮಪ್ಪನಿಗೂ ಇತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಕಡು ಸೆಕೆಯಲ್ಲಿ ನಡೆಯಬೇಕಿತ್ತು. ಹಾಗಾಗಿ ಪಶುವೈದ್ಯರು ಮೊದಲೇ ಕಾದ ಕುದುರೆಗಳ ಮೇಲೆ ಮಂಜುಗಡ್ಡೆಯಷ್ಟು ತಣ್ಣನೆಯ ನೀರು ಹಾಕಿ ಪರೀಕ್ಷಿಸಿದರು. ಕುದುರೆಗಳಿಗೆ ತೊಂದರೆ ಆಗಲಿಲ್ಲ, ಬೇಗ ಸುಧಾರಿಸಿಕೊಂಡವು. ಇದನ್ನು ಅಪ್ಪನಿಗೆ ಹೇಳಿ ಒಪ್ಪಿಸಲು ನನಗೆ ಎರಡು ಬೇಸಿಗೆ ಬೇಕಾಯಿತು. ಈಗ ಅವರೇ ಪೈಪ್ ಹಿಡಿಯುತ್ತಾರೆ.

ಐದು-ಹತ್ತು ನಿಮಿಷ ಆದ ಮೇಲೆ ಮತ್ತೆ ಜ್ವರ ನೋಡಿ. 39ರ ಹತ್ತಿರ ಬಂದರೆ ಸುರಿಯುವುದು ನಿಲ್ಲಿಸಬಹುದು, ಆಮೇಲೂ ಸ್ವಲ್ಪ ಇಳಿಯುತ್ತದೆ. ಒಂದು ಬೆರಳಿಂದ ವಸಡನ್ನು ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನಲ್ಲಿ ಮತ್ತೆ ಗುಲಾಬಿಯಾಗಬೇಕು. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಕೂಡಲೇ ಸಮ ಆಗಬೇಕು. ಮಡಿಕೆ ಹಾಗೇ ನಿಂತರೆ ಮೈಯಲ್ಲಿ ನೀರು ಕಮ್ಮಿಯಾಗಿದೆ.

ಕುಡಿಯಲು ಬಿಡಿ. ಬಾಯಾರಿದ ಕುದುರೆಯನ್ನು ತಡೆಯುವುದು ಬೇಡ. ನಾನು ಎರಡು ಬಕೆಟ್ ಇಡುತ್ತೇನೆ: ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸ್ವಲ್ಪ ಉಪ್ಪು ಕದಡಿದ ನೀರು. ಉಪ್ಪು ನೀರೊಂದನ್ನೇ ಇಡಬೇಡಿ, ಕೆಲವು ಕುದುರೆ ಮೂಸಿಯೂ ನೋಡುವುದಿಲ್ಲ. ಕುದುರೆ ಬೆವರಿನಲ್ಲಿ ಉಪ್ಪು ತುಂಬಾ ಹೋಗುತ್ತದೆ. ಹಾಗಾಗಿ ಲಾಯದಲ್ಲಿ ಉಪ್ಪಿನ ಗಟ್ಟಿ ಯಾವಾಗಲೂ ಇರಲಿ. ಕಾಳು ಮಾತ್ರ ಉಸಿರು ಸಮ ಆಗುವವರೆಗೂ ಬೇಡ.

ಸೋಪಿನ ಮಾತು ಹೇಳದೆ ಇರಲಾಗದು. ಬಟ್ಟೆ ಸೋಪು, ನಮ್ಮ ಶಾಂಪೂ ಎರಡೂ ಕುದುರೆ ಮೈಗೆ ಬೇಡ. ಚರ್ಮದ ಜಿಡ್ಡು ಹೋಗಿ ತುರಿಕೆ ಬರುತ್ತದೆ. ಬೇಸಿಗೆಯಲ್ಲಿ ಬರೀ ನೀರು, ತೆಂಗಿನ ನಾರಿನ ಬ್ರಷ್ ಸಾಕು. ವಾಸನೆ ಹೊಡೆಯುವ ನೊಣದ ಸ್ಪ್ರೇಗಿಂತ ದಿನಾ ಎರಡು ಸಲ ಲದ್ದಿ ತೆಗೆಯುವುದೇ ಒಳ್ಳೆಯ ಔಷಧಿ. ನಾನಂತೂ ಸ್ಪ್ರೇ ಕೊಳ್ಳುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು.

ಮಕ್ಕಳು ಜೊತೆಗಿದ್ದರೆ ಈ ನಾಲ್ಕು ಮಾತು ಪಾಲಿಸಿ. ಚಪ್ಪಲಿ ಬೇಡ, ಬೂಟು ಇರಲಿ. ಕುದುರೆಯ ಬೆನ್ನ ಹಿಂದೆ ನಿಲ್ಲಬಾರದು, ಅಲ್ಲಿ ಅದಕ್ಕೆ ಕಾಣುವುದಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಕುದುರೆ ಬೆದರಿದರೆ ಬೆರಳು ಹೋಗುತ್ತದೆ, ಇದು ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಕಂಬಕ್ಕೆ ಕಟ್ಟುವಾಗ ನೇರವಾಗಿ ಕಟ್ಟದೆ ಗೋಣಿದಾರದ ಕುಣಿಕೆ ಹಾಕಿ ಅದಕ್ಕೆ ಕಟ್ಟಿ. ಕುದುರೆ ಜಗ್ಗಿದರೆ ದಾರ ಹರಿಯಲಿ, ಕತ್ತು ಉಳಿಯಲಿ.

ಮಧ್ಯಾಹ್ನ ಅಮ್ಮ ಲಾಯದ ಜಗಲಿಗೇ ಮಜ್ಜಿಗೆ ತರುತ್ತಾರೆ. ಅಲ್ಲಿ ಗೋಡೆ ಮೇಲೆ ಇದ್ದಿಲಿನ ಗೀಟುಗಳಿವೆ. ಕುದುರೆ ಒಂದು ಬಕೆಟ್ ನೀರು ಕುಡಿದು ಮುಗಿಸಿದರೆ ಒಂದು ಗೀಟು, ಅದು ಚಿಕ್ಕವಳ ಕೆಲಸ. ತಂಪು ದಿನದಲ್ಲಿ ದೊಡ್ಡ ಕುದುರೆಯೊಂದು 25ರಿಂದ 50 ಲೀಟರ್ ಕುಡಿದರೆ, ಸೆಕೆಯಲ್ಲಿ ಅದರ ಎರಡು ಪಟ್ಟೂ ಬೇಕಾಗಬಹುದು. ಮೊನ್ನೆ ಸಂಜೆ ಕೆಂಚಿಯ ಸಾಲಿನಲ್ಲಿ ಎರಡೇ ಗೀಟು ಇದ್ದವು. ತೊಟ್ಟಿಯ ತಳ ನೋಡಿದರೆ ಪಾಚಿ. ಉಜ್ಜಿ ತೊಳೆದು ಹೊಸ ನೀರು ತುಂಬಿಸಿದೆವು. ಚಿಕ್ಕವಳು ಇದ್ದಿಲು ಹಿಡಿದು ಕಾಯುತ್ತಾ ಕೂತಳು. ಕತ್ತಲಾಗುವ ಮೊದಲು ಇನ್ನೂ ಮೂರು ಗೀಟು ಬಿದ್ದವು.