ಮೈಲುತುತ್ತ ತಳ ಹಿಡಿದ ಬೆಳಗ್ಗೆ

ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇರುವವರಿಗೆ ಮಳೆಗಾಲ ಅಂದರೆ ಕಾಯಿ ಕೊಳೆತು ಉದುರುವ ಕೊಳೆರೋಗ, ಕೊಳೆ ಅಂದರೆ ಅದನ್ನು ತಡೆಯಲು ಗೊನೆಗೆ ಹೊಡೆಯುವ ಔಷಧಿ ಬೋರ್ಡೋ. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೇಜಿ ಸುಣ್ಣ. ಈ ಲೆಕ್ಕ ಮನೆಯ ಮಕ್ಕಳಿಗೂ ಬಾಯಿಪಾಠ. ಆದರೂ ನಾನು ಒಮ್ಮೆ ಎಡವಿದೆ.

ಜುಲೈ ತಿಂಗಳು, ಎರಡನೇ ಸಲದ ಔಷಧಿ. ಮಳೆ ಸ್ವಲ್ಪ ಹೊಳವಾದಾಗಲೇ ಹೊಡೆಯಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಸಿಗುವುದೂ ಒಂದೇ ದಿನ. ಬೆಳಗ್ಗೆ ತಡವಾಗಬಾರದು ಅಂತ ಹಿಂದಿನ ಸಂಜೆಯೇ ಬಚ್ಚಲ ಹಂಡೆಯ ಬಿಸಿನೀರು ಹತ್ತು ಲೀಟರ್ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು, ಐದು ಕೇಜಿ ಮೈಲುತುತ್ತ ಹಾಕಿ ತಿರುವಿದೆ. ಚೂರೂ ಉಳಿಯದೆ ಕರಗಿತು. ಐದು ಬ್ಯಾರೆಲ್ಲಿಗೆ ಐದು ಪಾಲು, ಕೆಲಸ ಮುಗೀತು ಅಂದುಕೊಂಡೆ.

ಬೆಳಗ್ಗೆ ಮೊದಲ ಪಾಲು ಸುಣ್ಣದ ನೀರಿಗೆ ಸೇರಿಸಿದಾಗ ಕೊನೆಗಾರ ಮುಖ ಸಿಂಡರಿಸಿದ. ‘ಅಣ್ಣ, ಬಣ್ಣ ತೆಳುವಾಯ್ತಲ್ಲ, ಸುಣ್ಣವೇ ಹೆಚ್ಚಾದ ಹಾಗೆ ಕಾಣ್ತದೆ.’ ಡ್ರಮ್ಮಿಗೆ ಕೋಲು ಇಳಿಸಿದರೆ ತಳದಲ್ಲಿ ಕಲ್ಲಿನ ಹಾಗೆ ನೀಲಿ ಹರಳು! ಕಲಬೆರಕೆ ಮಾಲು ಕೊಟ್ಟರು ಅಂತ ಅಂಗಡಿಯವನಿಗೆ ಬೈದೆ, ಮನಸ್ಸಿನಲ್ಲೇ. ಅಮ್ಮ ಬಂದು ನೋಡಿ ‘ಜೋನಿಬೆಲ್ಲ ತಳ ಕಟ್ಟಿದ ಹಾಗೇ ಇದೆಯಲ್ಲೋ’ ಅಂದರು. ನೀರುಬೆಲ್ಲದ ಆ ಮಾತು ಕೇಳಿದ ಮೇಲೆ ಅಂಗಡಿಯವನ ಮೇಲಿನ ಸಿಟ್ಟು ಇಳಿಯಿತು.

ನೀರು ಬಿಸಿಯಾದಷ್ಟೂ ಮೈಲುತುತ್ತವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. 60 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 62 ಗ್ರಾಂ ಕರಗಿದರೆ, 20 ಡಿಗ್ರಿಯಲ್ಲಿ 32 ಗ್ರಾಂ ಮಾತ್ರ. ನಮ್ಮ ಮಳೆಗಾಲದ ರಾತ್ರಿ ಹತ್ತಿರಹತ್ತಿರ ಅಷ್ಟೇ ತಂಪು. ಅಂದರೆ ಹತ್ತು ಲೀಟರಿಗೆ ಮೂರು ಕೇಜಿ ಚಿಲ್ಲರೆ ನಿಂತು, ಉಳಿದದ್ದು ಹರಳಾಗಿ ಕೂತಿದೆ. ಮೇಲಿನ ನೀರೇನೂ ಕೆಟ್ಟಿರಲಿಲ್ಲ, ಆ ತಂಪಿಗೆ ಅದರ ಹೊಟ್ಟೆ ತುಂಬಿತ್ತು. ನಾನು ಒಂದು ಕೇಜಿ ಅಂದುಕೊಂಡು ಹಾಕಿದ ಪಾಲಿನಲ್ಲಿ ಇದ್ದದ್ದು ಮುಕ್ಕಾಲು ಕೇಜಿಗೂ ಕಡಿಮೆ. ಕೊನೆಯ ಪಾಲಿಗೆ ಹರಳೆಲ್ಲ ಬಿದ್ದಿದ್ದರೆ ಮದ್ದು ಖಾರವಾಗಿ ಎಳೆಕಾಯಿ ಸುಡುವ ಭಯ ಬೇರೆ.

ಆ ದಿನ ಮತ್ತೆ ಹಂಡೆಗೆ ಬೆಂಕಿ ಹಾಕಿ, ಹರಳು ಕರಗಿಸಿ, ನೀರು ಹೆಚ್ಚಿಸಿ ಪಾಲು ಮಾಡುವಷ್ಟರಲ್ಲಿ ಹನ್ನೊಂದು ಗಂಟೆ. ಮಧ್ಯಾಹ್ನ ಮಳೆ ಹಿಡಿಯಿತು. ಮೂರೇ ಬ್ಯಾರೆಲ್ ಆಯಿತು.

ಸುಣ್ಣದ ಸ್ವಭಾವ ಇದಕ್ಕೆ ತದ್ವಿರುದ್ಧ. ಬಿಸಿಯಾದಷ್ಟೂ ಅದು ಕಡಿಮೆ ಕರಗುತ್ತದೆ. ಹೇಗೂ ಹೆಚ್ಚಿನ ಪಾಲು ಹಾಲಿನಂತೆ ತೇಲುತ್ತಲೇ ಇರುತ್ತದೆ, ಅದರಿಂದ ತೊಂದರೆಯಿಲ್ಲ. ಸುಡುಸುಣ್ಣ ಅರಳುವಾಗ ತಾನೇ ಕುದಿಯುವುದರಿಂದ, ಪೂರ್ತಿ ಆರಿಸಿಯೇ ಬೆರೆಸುತ್ತೇನೆ.

ಈಗ ಹಂಡೆಯ ನೀರು ಸ್ನಾನಕ್ಕಷ್ಟೇ. ಐದು ಕೇಜಿಗೆ 25 ಲೀಟರ್ ತಣ್ಣೀರು, ಕಬ್ಬಿಣದ ಬಕೆಟ್ ಬೇಡವೇ ಬೇಡ. ಮೈಲುತುತ್ತವನ್ನು ಬಟ್ಟೆಚೀಲದಲ್ಲಿ ಕಟ್ಟಿ, ನೀರಿನ ಮೇಲ್ಭಾಗದಲ್ಲಿ ಮುಳುಗುವಷ್ಟೇ ತೂಗುಹಾಕುತ್ತೇನೆ. ಕರಗಿದ ನೀರು ಭಾರವಾಗಿ ಕೆಳಗೆ ಇಳಿಯುತ್ತದೆ, ಹೊಸ ನೀರು ಚೀಲಕ್ಕೆ ಬರುತ್ತದೆ. ತಿರುವುವ ಕೆಲಸವೂ ಇಲ್ಲ. ಬೆಳಗ್ಗೆ ಎದ್ದು ನೋಡಿದರೆ ಚೀಲ ಖಾಲಿ.