ಕಾಲುವೆಗೆ ನೀರು ಬಾರದ ವರ್ಷದಲ್ಲಿ ಅಂಗಡಿಯನ್ನು ಉಳಿಸಿಕೊಳ್ಳುವ ಬಗೆ

ಗಂಗಾವತಿ, ಕಾರಟಗಿ, ಸಿಂಧನೂರು ಪೇಟೆಗಳ ವ್ಯಾಪಾರ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಮೇಲೆ ನಿಂತಿದೆ. ಮೂಲದಲ್ಲಿ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿ ಮಾತ್ರ ನಿಲ್ಲುವುದರಿಂದ, ಎರಡನೆಯ ಬೆಳೆಗೆ ನೀರು ಸಿಕ್ಕೇ ಸಿಗುತ್ತದೆಂದು ನಂಬಿ ಮಾಲು ತುಂಬುವಂತಿಲ್ಲ. ಬಳ್ಳಾರಿ ಕಡೆಯವರಿಗೆ ಪೆಟ್ಟು ಬೇರೆ ದಿಕ್ಕಿನಿಂದ ಬಂದಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿ ಮಾಲೀಕರಷ್ಟೇ ಅಲ್ಲದೆ, ಸಂಡೂರು ರಸ್ತೆಯ ಪಂಕ್ಚರ್ ಅಂಗಡಿ, ಖಾನಾವಳಿಗಳವರೂ ಕೈಕಟ್ಟಿ ಕೂರಬೇಕಾಯಿತು. ಇಂಥ ಕಾಲದಲ್ಲಿ ಎಷ್ಟೋ ಅಂಗಡಿಗಳು ಲೆಕ್ಕದಲ್ಲಿ ಲಾಭ ತೋರಿಸುತ್ತಲೇ ಗಲ್ಲೆಯಲ್ಲಿ ರೊಕ್ಕವಿಲ್ಲದೆ ಬಾಗಿಲು ಹಾಕುತ್ತವೆ. ಆದ್ದರಿಂದ ಮೊದಲು ನೋಡಬೇಕಾದದ್ದು ಕೈಯಲ್ಲಿರುವ ಹಣ ಎಷ್ಟು ದಿನ ಬರುತ್ತದೆ ಎಂಬುದನ್ನು.

ಕಾರಟಗಿಯ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಿಂಗಳಿಗೆ ಬಾಡಿಗೆ 8 ಸಾವಿರ, ಇಬ್ಬರು ಹುಡುಗರ ಸಂಬಳ 24 ಸಾವಿರ, ಕರೆಂಟ್ ಬಿಲ್ 2 ಸಾವಿರ, ಬ್ಯಾಂಕಿನ ಕಂತು 14 ಸಾವಿರ, ಒಟ್ಟು 48 ಸಾವಿರ ರೂಪಾಯಿ. ಕೈಯಲ್ಲಿ 1 ಲಕ್ಷ 20 ಸಾವಿರವಿದ್ದರೆ, ವ್ಯಾಪಾರ ಪೂರ್ತಿ ನಿಂತರೂ ಎರಡೂವರೆ ತಿಂಗಳು ತಳ್ಳಬಹುದು ಎಂದು ಮಾಲೀಕರು ಎಣಿಸುತ್ತಾರೆ. ಆದರೆ ಮನೆಯ ಕಿರಾಣಿ, ಮಕ್ಕಳ ಫೀಜು, ಔಷಧಿ ಎಂದು ಅದೇ ಗಲ್ಲೆಯಿಂದ ತಿಂಗಳಿಗೆ 20 ಸಾವಿರ ಹೋಗುತ್ತಿರುತ್ತದೆ; ಅದನ್ನು ಸೇರಿಸಿದರೆ ಎರಡು ತಿಂಗಳೂ ತುಂಬುವುದಿಲ್ಲ. ನಮ್ಮ ಭಾಗದ ಅಂಗಡಿಕಾರರ ಲೆಕ್ಕ ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಮನೆಗೆ ತಿಂಗಳಿಗೆ ಇಷ್ಟೇ ಎಂದು ಗೊತ್ತುಮಾಡಿ, ಅದನ್ನೂ ಒಂದು ಸಂಬಳದಂತೆ ಬರೆದಿಡಬೇಕು.

ಎರಡನೆಯದು ಉದ್ರಿ, ಮತ್ತು ಇದಕ್ಕೆ ಹೆಚ್ಚು ಸಮಯ ಕೊಡಬೇಕಾಗುತ್ತದೆ. ಉದ್ರಿ ಪುಸ್ತಕವನ್ನು ಒಂದು ಸಂಜೆ ಪೂರ್ತಿ ತಿರುವಿಹಾಕಿ, ಪ್ರತಿ ಹೆಸರಿನ ಮುಂದೆ ಕೊನೆಯ ಸಲ ಹಣ ಬಂದ ತಾರೀಖನ್ನು ಬರೆಯಿರಿ. ಬಾಕಿ ಎಷ್ಟಿದೆ ಎಂಬುದಕ್ಕಿಂತ ಈ ತಾರೀಖು ಹೆಚ್ಚು ಸತ್ಯ ಹೇಳುತ್ತದೆ. ಸಂಬಳದಾರರಿಂದ ತಿಂಗಳ ಮೊದಲ ವಾರದಲ್ಲಿಯೇ ಕೇಳಬೇಕು. ರೈತರ ಕೈಗೆ ಭತ್ತದ ಹಣ ಬರುವುದು ಕೊಯ್ಲು ಮುಗಿದು ಮಾಲು ಮಾರಾಟವಾದ ಮೇಲೆ, ಆದುದರಿಂದ ಅವರನ್ನು ಅದಕ್ಕೂ ಮುಂಚೆ ಕಾಡಿದರೆ ಗಿರಾಕಿಯೂ ಹೋಗುತ್ತಾನೆ, ರೊಕ್ಕವೂ ಬರುವುದಿಲ್ಲ. ಅಂಥವರಿಗೆ ‘ಅಣ್ಣಾರ, ಪೂರ್ತಿ ಬ್ಯಾಡ, ಈ ವಾರ ಐದು ನೂರು ಕೊಡ್ರಿ, ಉಳಿದದ್ದು ಸುಗ್ಗಿಗೆ ನೋಡೋಣ’ ಎಂದು ಹೇಳಿ, ಕೊಟ್ಟಷ್ಟನ್ನು ಅವರ ಎದುರಿನಲ್ಲೇ ಬರೆದು ತೋರಿಸುವುದು ಒಳ್ಳೆಯದು. ಹಳೆಯ ಬಾಕಿಯಲ್ಲಿ ಏನನ್ನೂ ಕೊಡದವರಿಗೆ ಹೊಸ ಉದ್ರಿಯನ್ನು ನಿಲ್ಲಿಸಲೇಬೇಕು, ಅವರು ಸಂಬಂಧಿಕರಾಗಿದ್ದರೂ ಸರಿ. (ಸಂಬಂಧಿಕರ ಪುಟಗಳೇ ಸಾಮಾನ್ಯವಾಗಿ ಎಲ್ಲಕ್ಕಿಂತ ಉದ್ದವಾಗಿರುತ್ತವೆ.)

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ, ವಾಷಿಂಗ್, ಗುಂಡಿ ಹಾಕುವ ಜಾಬ್‌ವರ್ಕ್ ಮಾಡುವವರ ಬಾಕಿ ಇರುವುದು ದೊಡ್ಡ ವ್ಯಾಪಾರಿಗಳ ಬಳಿ. ಅವರಿಗೆ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಬಲವಿದೆ: ಬರವಣಿಗೆಯ ಒಪ್ಪಂದವಿದ್ದರೂ ಹಣ ಪಾವತಿ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ; ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ಕೊಡಬೇಕು. ದೂರನ್ನು ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ಇದಕ್ಕೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಮೊದಲೇ ಆಗಿರಬೇಕು. ಅದು ಉಚಿತ, ಮಧ್ಯವರ್ತಿಗೆ ಹಣ ಕೊಡಬೇಕಾಗಿಲ್ಲ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಿಂದ ನೋಂದಣಿ ಸಿಗುತ್ತದೆಯಾದರೂ ಅದರ ಲಾಭ ಆದ್ಯತಾ ವಲಯದ (ಬ್ಯಾಂಕುಗಳು ಆದ್ಯತೆಯ ಮೇಲೆ ಕೊಡಬೇಕಾದ) ಸಾಲಕ್ಕೆ ಸೀಮಿತವಾಗಿದೆ, 45 ದಿನದ ರಕ್ಷಣೆ ಅವರಿಗಿಲ್ಲ. ದೂರು ಕೊಟ್ಟರೆ ಮುಂದಿನ ಆರ್ಡರ್ ತಪ್ಪೀತೆಂಬ ಭಯ ಸಹಜವೇ. ಆದರೂ ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನು ಅಚ್ಚು ಹಾಕಿಸುವುದಕ್ಕೆ ಯಾರನ್ನೂ ಎದುರು ಹಾಕಿಕೊಳ್ಳಬೇಕಾಗಿಲ್ಲ, ಅಷ್ಟರಿಂದಲೇ ಕೆಲವರು ಬೇಗ ಹಣ ಬಿಡುತ್ತಾರೆ.

ಬ್ಯಾಂಕಿನ ಕಂತು ಕಟ್ಟಲಾಗದು ಎನಿಸಿದಾಗ ಮ್ಯಾನೇಜರರ ಫೋನನ್ನು ಎತ್ತದೆ ಇರುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಬಾಕಿ 90 ದಿನ ಮೀರಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ, ಆಮೇಲೆ ಮ್ಯಾನೇಜರರ ಕೈಯಲ್ಲಿ ಉಳಿಯುವುದು ಕಡಿಮೆ. ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆಂದು ರಿಸರ್ವ್ ಬ್ಯಾಂಕ್ ಹಾಕಿಕೊಟ್ಟ ವ್ಯವಸ್ಥೆಯಲ್ಲಿ, ವ್ಯಾಪಾರ ಕುಸಿಯುವ ಲಕ್ಷಣ ಕಂಡಾಗಲೇ ಸಾಲಗಾರರು ತಾವಾಗಿ ಅರ್ಜಿ ಹಾಕಬಹುದು. ಹೋಗುವಾಗ ಕಳೆದ ವರ್ಷದ ಇದೇ ತಿಂಗಳುಗಳ ಮಾರಾಟದ ಲೆಕ್ಕ, ಈ ವರ್ಷದ್ದು, ಉದ್ರಿ ಪಟ್ಟಿ ಇಷ್ಟನ್ನು ಒಯ್ದು, ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಬೇಕು. ಆ ಕಂತನ್ನು ತುಂಬಲೆಂದು ಮೀಟರ್ ಬಡ್ಡಿಗೆ ಕೈ ಚಾಚಬಾರದು.

ಖರ್ಚು ಕಡಿಮೆ ಮಾಡುವ ಮಾತು ಬಂದಾಗ ಮೊದಲು ಆಳುಗಳನ್ನು ಬಿಡಿಸುವುದು ರೂಢಿ. ನುರಿತ ಹೊಲಿಗೆಗಾರ ಒಮ್ಮೆ ಬೆಂಗಳೂರಿಗೆ ಹೋದರೆ ಹಂಗಾಮು ಸುಧಾರಿಸಿದ ಮೇಲೆ ಕರೆದರೂ ಬರುವುದು ಕಷ್ಟ. ಆದ್ದರಿಂದ ಎಲ್ಲರನ್ನೂ ಕೂರಿಸಿಕೊಂಡು ಪರಿಸ್ಥಿತಿ ತಿಳಿಸಿ, ಒಬ್ಬರನ್ನು ಬಿಡಿಸುವ ಬದಲು ವಾರದ ಕೆಲಸದ ದಿನಗಳನ್ನು ಹಂಚಿಕೊಳ್ಳುವುದು ಮೇಲು. ಕುಳಿತ ಮಾಲನ್ನು ಕೊಂಡ ಬೆಲೆಗೇ ಮಾರಿ ರೊಕ್ಕ ಮಾಡಿಕೊಳ್ಳುವುದಕ್ಕೂ ಹಿಂಜರಿಯಬೇಕಾಗಿಲ್ಲ.

ಎರಡು ಹಂಗಾಮು ಕಳೆದರೂ ಬಾಡಿಗೆಯಷ್ಟೂ ಹುಟ್ಟದಿದ್ದರೆ, ಮನೆ ಅಡವಿಡುವ ಮೊದಲೇ ಅಂಗಡಿ ಮುಚ್ಚುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಚ್ಚುವುದಾದರೂ ಕ್ರಮವಾಗಿ ಮುಚ್ಚಬೇಕು: ಮಾರಾಟ ನಿಂತಿದೆಯೆಂದು ಜಿಎಸ್‌ಟಿ ರಿಟರ್ನ್ ಬಿಟ್ಟರೆ ದಿನಕ್ಕೆ ಇಷ್ಟೆಂದು ತಡದ ಶುಲ್ಕ ಏರುತ್ತದೆ, ಹಾಗಾಗಿ ಶೂನ್ಯ ರಿಟರ್ನನ್ನಾದರೂ ಸಲ್ಲಿಸುತ್ತಿರಬೇಕು. ನೋಂದಣಿ ರದ್ದಾದ ಮೇಲೆ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಕೊಡುವುದನ್ನೂ ಬಿಡಬಾರದು.